ಟೈಗಾ: ಸೈಬೀರಿಯಾದ ಚಿಕ್ಕಜಾಜೂರು

ಬೆಂಗಳೂರು–ಹುಬ್ಬಳ್ಳಿ ಮುಖ್ಯ ಮಾರ್ಗ ಚಿತ್ರದುರ್ಗವನ್ನು ಪಕ್ಕಕ್ಕೆ ಬಿಟ್ಟು, ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರಿನ ಮೇಲೆ ದಾವಣಗೆರೆಗೆ ಹೋಗುತ್ತದೆ. ದುರ್ಗಕ್ಕೆ ಸಿಕ್ಕಿದ್ದು ಅಲ್ಲಿಂದೊಂದು ಕವಲು. ಸೈಬೀರಿಯಾದ ತೋಮ್ಸ್ಕ್ ಪಟ್ಟಣಕ್ಕೆ ಆದದ್ದೂ ಇದೇ. ಅದರ ಜಂಕ್ಷನ್ ಊರು ಟೈಗಾ.

ತೋಮ್ಸ್ಕ್ ಗವರ್ನರ್ ಕೂರುತ್ತಿದ್ದ ಊರು, ವಿಶ್ವವಿದ್ಯಾಲಯವಿದ್ದ ಊರು. ಅಂಥದ್ದನ್ನೇ ಮಾಸ್ಕೋದಿಂದ ಪೆಸಿಫಿಕ್ ತೀರಕ್ಕೆ ಹೋಗುವ ಟ್ರಾನ್ಸ್-ಸೈಬೀರಿಯನ್ ಹಳಿ ಬಿಟ್ಟುಹೋಯಿತು. ಅಲ್ಲಿನ ವ್ಯಾಪಾರಿಗಳು ಲಂಚಕ್ಕೆ ಕೈ ಬಿಚ್ಚಲಿಲ್ಲ, ಅದಕ್ಕೇ ಹಾಗಾಯಿತು ಎಂಬ ಮಾತು ಇನ್ನೂ ಓಡಾಡುತ್ತದೆ. ನಂಬಬೇಕಾಗಿಲ್ಲ. ಓಬ್ ನದಿಗೆ ಸೇತುವೆ ಕಟ್ಟಲು ಪಾತ್ರ ಕಿರಿದಾಗಿ, ತಳದಲ್ಲಿ ಬಂಡೆ ಇರುವ ಜಾಗ ದಕ್ಷಿಣದಲ್ಲಿತ್ತು, ಇಂದಿನ ನೊವೊಸಿಬಿರ್ಸ್ಕ್ ಬಳಿ. ಅಲ್ಲಿ ನದಿ ದಾಟಿದ ಹಳಿ ಮತ್ತೆ ತೋಮ್ಸ್ಕ್‌ವರೆಗೆ ಬಡಗಣಕ್ಕೆ ಹತ್ತಿ ಬಂದರೆ ದಾರಿ ಸುಮ್ಮನೆ ಉದ್ದವಾಗುತ್ತದೆ. 1896ರಲ್ಲಿ ಸುಮಾರು 80 ಕಿ.ಮೀ. ಕವಲು ಹಾಕಿದರು. ಅದು ಮುಖ್ಯ ಹಳಿಗೆ ಸೇರುವಲ್ಲಿ ಕಾಡು ಕಡಿದು ಎದ್ದದ್ದೇ ಟೈಗಾ. 1911ಕ್ಕೆ ಅದು ಪಟ್ಟಣವೆನಿಸಿಕೊಂಡಿತು. ನಮ್ಮ ಚಿಕ್ಕಜಾಜೂರು ಇಂದಿಗೂ ಗ್ರಾಮ ಪಂಚಾಯಿತಿ.

ಪಟ್ಟಣ ಎನ್ನಲು ಅಳತೆಗೋಲೂ ಬೇರೆ. ಸೋವಿಯತ್ ರಷ್ಯಾದ 1957ರ ನಿಯಮದಂತೆ ಕನಿಷ್ಠ 12,000 ಜನ, ಅವರಲ್ಲಿ ಶೇ. 85 ಮಂದಿ ಕಾರ್ಮಿಕರು, ನೌಕರರು ಮತ್ತು ಅವರ ಮನೆಯವರು. ನಮ್ಮ ಜನಗಣತಿಗೆ 5,000 ಜನ, ಚದರ ಕಿ.ಮೀ.ಗೆ 400 ಸಾಂದ್ರತೆ, ದುಡಿಯುವ ಗಂಡಸರಲ್ಲಿ ಶೇ. 75 ಮಂದಿ ಬೇಸಾಯದ ಹೊರಗಿದ್ದರೆ ಸಾಕು. ರೈಲ್ವೆ ಊರಿಗೆ ರಷ್ಯಾದ ಲೆಕ್ಕ ಹೇಳಿ ಮಾಡಿಸಿದ್ದು: ಎಂಜಿನ್‌ಗಳನ್ನು ನೋಡಿಕೊಳ್ಳುವ ಡಿಪೊದ ನೌಕರನ ಹೆಂಡತಿ ಮಕ್ಕಳೂ ಅದರಲ್ಲಿ ಸೇರುತ್ತಾರೆ.

ಆಡಳಿತ ಓದುವಾಗ ಎಡವುವುದು ಇಲ್ಲಿ. ‘ಟೈಗಾ’ ಎಂದರೆ ಊರು. ‘ಟೈಗಾ ನಗರ ಒಕ್ರುಗ್’ ಎಂದರೆ ಊರಿನ ಜೊತೆ ಸುತ್ತಲ ಕೆಲವು ಹಳ್ಳಿಗಳನ್ನೂ ಸೇರಿಸಿದ ಸ್ಥಳೀಯ ಸಂಸ್ಥೆ. ಒಂದರ ಜನಸಂಖ್ಯೆಯನ್ನು ಇನ್ನೊಂದಕ್ಕೆ ಬರೆದರೆ ಲೆಕ್ಕ ಕೂಡುವುದಿಲ್ಲ. ಪುರಸಭೆಯ ಕೈಯಲ್ಲಿ ಬೀದಿ, ನೀರು, ಮನೆಗಳನ್ನು ಬೆಚ್ಚಗಿಡುವ ವ್ಯವಸ್ಥೆ. ನಿಲ್ದಾಣ, ಹಳಿ, ಡಿಪೊ ರಷ್ಯನ್ ರೈಲ್ವೆಯವು, ನೊವೊಸಿಬಿರ್ಸ್ಕ್‌ನ ಪಶ್ಚಿಮ ಸೈಬೀರಿಯಾ ವಲಯದಡಿ. ಇನ್ನೂ ಒಂದು ಗಂಟಿದೆ. ಕೆಮೆರೊವೊ ಪ್ರಾಂತ್ಯ 1943ರಲ್ಲಿ, ತೋಮ್ಸ್ಕ್ ಪ್ರಾಂತ್ಯ 1944ರಲ್ಲಿ ರೂಪುಗೊಂಡಾಗ ಟೈಗಾ ಕೆಮೆರೊವೊ ಪಾಲಾಯಿತು. ತೋಮ್ಸ್ಕ್‌ನವರು ಮುಖ್ಯ ಹಳಿ ಮುಟ್ಟಬೇಕಾದರೆ ಪಕ್ಕದ ಪ್ರಾಂತ್ಯಕ್ಕೆ ಹೋಗಬೇಕು.

ಹಳೆಯ ವೇಳಾಪಟ್ಟಿ ಸಿಕ್ಕರೆ ಗಡಿಯಾರ ನೋಡಿಕೊಳ್ಳಿ. 2018ರ ಆಗಸ್ಟ್‌ವರೆಗೆ ರಷ್ಯಾದ ರೈಲು ಟಿಕೆಟ್‌ಗಳಲ್ಲಿ ಮಾಸ್ಕೋ ಸಮಯವೇ ಅಚ್ಚಾಗುತ್ತಿತ್ತು. ಟೈಗಾದ ಇಂದಿನ ಸಮಯ ಅದಕ್ಕಿಂತ 4 ಗಂಟೆ ಮುಂದೆ.

ಡಿಪೊಗೆ ಇವತ್ತಿಗೂ ಕೆಲಸವಿರುವುದಕ್ಕೆ ಒಂದು ಕಾರಣ ಕವಲೇ. ಮುಖ್ಯ ಹಳಿಯ ಮೇಲೆ 3,000 ವೋಲ್ಟ್ ಡಿಸಿ ತಂತಿ ಇದೆ, ತೋಮ್ಸ್ಕ್ ಕಡೆಗೆ ತಂತಿಯೇ ಇಲ್ಲ. ಮಾಸ್ಕೋದಿಂದ ತೋಮ್ಸ್ಕ್‌ಗೆ ಹೋಗುವ ಗಾಡಿಗೆ ಇಲ್ಲಿ ವಿದ್ಯುತ್ ಎಂಜಿನ್ ಬಿಚ್ಚಿ ಡೀಸೆಲ್ ಕಟ್ಟಬೇಕು, ಬ್ರೇಕ್ ಮತ್ತೆ ಪರೀಕ್ಷಿಸಬೇಕು, ಆಮೇಲೆಯೇ ಸಿಗ್ನಲ್.