ಒಳರೋಗಿಗಳ ನರರೋಗ ತಜ್ಞರಿಗೆ ಏನೇನು ಬರಬೇಕು?

ಆಸ್ಪತ್ರೆಯ ಒಳರೋಗಿಗಳನ್ನೇ ನೋಡಿಕೊಳ್ಳುವ ನರರೋಗ ತಜ್ಞರು ಯಾವ ವಿಷಯಗಳಲ್ಲಿ ನುರಿತಿರಬೇಕು ಎಂದು ಬರೆದಿಡುವ ಕೆಲಸ ಮೇಲುನೋಟಕ್ಕೆ ಬರಿಯ ಕಾಗದಪತ್ರದ ವ್ಯವಹಾರದಂತೆ ಕಂಡರೂ, ಅದರ ಒಂದೊಂದು ಸಾಲಿನ ಹಿಂದೆಯೂ ಜೀವದ ಪ್ರಶ್ನೆಯಿದೆ. ಮೆದುಳಿನ ರಕ್ತನಾಳ ಕಟ್ಟಿಕೊಂಡು ಪಾರ್ಶ್ವವಾಯು ಬಡಿದಾಗ, ಹೆಪ್ಪು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ಲಕ್ಷಣ ಶುರುವಾದ 4.5 ಗಂಟೆಯೊಳಗೆ ಕೊಡಬೇಕು. 5 ನಿಮಿಷ ದಾಟಿದ ಅಪಸ್ಮಾರದ ಸೆಳವು ತಾನಾಗಿ ನಿಲ್ಲಲಿ ಎಂದು ಕಾಯುವಂತಿಲ್ಲ. ಇವುಗಳ ಬಗ್ಗೆ ತಕರಾರಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಲಿಖಿತ ಪರೀಕ್ಷೆಯ ಅಳತೆಗೆ ಸಿಗದ ಕೌಶಲಗಳು. ದೇಹದ ರೋಗನಿರೋಧಕ ಶಕ್ತಿಯೇ ನರಗಳ ಮೇಲೆ ದಾಳಿ ಮಾಡಿ ಸ್ನಾಯುಗಳನ್ನು ದುರ್ಬಲಗೊಳಿಸುವ ಗಿಲನ್ ಬಾರೆ ಸಿಂಡ್ರೋಮ್ ಇರುವ ರೋಗಿಯ ಬೆರಳಿಗೆ ಸಿಕ್ಕಿಸಿದ ಯಂತ್ರ ಆಮ್ಲಜನಕದ ಮಟ್ಟ ಸರಿಯಾಗಿದೆ ಎಂದೇ ತೋರಿಸುತ್ತಿರುತ್ತದೆ. ಆದರೆ ಒಂದೇ ಉಸಿರಿನಲ್ಲಿ ಎಣಿಸಲು ಹೇಳಿದರೆ, ಬೆಳಿಗ್ಗೆ 25ರವರೆಗೆ ಹೋಗಿದ್ದವರು ಸಂಜೆ 12ಕ್ಕೇ ನಿಲ್ಲುತ್ತಾರೆ, ದಿಂಬಿನಿಂದ ತಲೆ ಎತ್ತಲೂ ಕಷ್ಟಪಡುತ್ತಾರೆ. ಉಸಿರಾಟದ ಸ್ನಾಯುಗಳು ಸೋಲುತ್ತಿವೆ ಎಂದು ಅಲ್ಲೇ ಗುರುತಿಸಿ, ತೀವ್ರ ನಿಗಾ ಘಟಕದವರನ್ನು ತಡಮಾಡದೆ ಕರೆಯುವ ವೈದ್ಯರನ್ನೇ ನಾನು ಸಮರ್ಥರೆನ್ನುತ್ತೇನೆ. ಇದನ್ನು ಹಿರಿಯರೊಬ್ಬರು ಹಾಸಿಗೆಯ ಪಕ್ಕದಲ್ಲಿ ನಿಂತು, ಒಮ್ಮೆಯಲ್ಲ, ಹಲವು ಬಾರಿ ನೋಡಿಯೇ ಅಳೆಯಬೇಕು.

ಪಾಳಿ ಬದಲಾಗುವಾಗ ಮಾಹಿತಿ ದಾಟಿಸುವುದೂ, ಇತರ ವಿಭಾಗಗಳಿಗೆ ಸ್ಪಷ್ಟ ಸಲಹೆ ಕೊಡುವುದೂ ಪಟ್ಟಿಯಲ್ಲಿರಲಿ. ಪ್ರಜ್ಞೆ ಮರಳುವ ಸಾಧ್ಯತೆ ತೀರಾ ಕಡಿಮೆ ಎಂಬುದನ್ನು ಮನೆಯವರೆದುರು ಕುಳಿತು, ಅವಸರಪಡದೆ, ಸುಳ್ಳು ಭರವಸೆಯನ್ನೂ ಕೊಡದೆ ತಿಳಿಸುವುದನ್ನು ಮಾತ್ರ ‘ಸಂವಹನ’ ಎಂಬ ಒಂದೇ ಪದದಲ್ಲಿ ಮುಗಿಸದೆ ಪ್ರತ್ಯೇಕ ಸಾಮರ್ಥ್ಯವಾಗಿಯೇ ಬರೆಯಬೇಕೆಂಬುದು ನನ್ನ ಒತ್ತಾಯ.