ಹೊಟ್ಟೆ ತುಂಬೋವರೆಗೆ ವೋಟು ಕಾಯಬೇಕಾ?

"ಮೊದಲು ದೇಶ ಉದ್ಧಾರ ಆಗಲಿ, ವೋಟು ಗೀಟು ಆಮೇಲೆ ನೋಡೋಣ." ಈ ಮಾತು ಕಲಬುರಗಿಯಲ್ಲಿ ಈಗ ಜಾಸ್ತಿ ಕಿವಿಗೆ ಬೀಳುತ್ತಿದೆ. ಚೀನಾ ನೋಡ್ರಿ, ಸಿಂಗಾಪುರ ನೋಡ್ರಿ ಅಂತಾರೆ. ಓದಿದ ಹುಡುಗರೇ ಹೀಗೆ ಅಂದಾಗ ನನಗೆ ನಿಜಕ್ಕೂ ಸಂಕಟ ಆಗುತ್ತದೆ.

ಹಣಕ್ಕೂ ಪ್ರಜಾಪ್ರಭುತ್ವಕ್ಕೂ ನಂಟು ಇದೆ, ಸುಳ್ಳಲ್ಲ. ಸೆಮೂರ್ ಲಿಪ್ಸೆಟ್ ಅನ್ನೋ ಅಮೆರಿಕದ ಸಮಾಜಶಾಸ್ತ್ರಜ್ಞ 1959ರಲ್ಲೇ ಇದನ್ನು ಬರೆದಿದ್ದ. ಆದರೆ 1997ರಲ್ಲಿ ಪ್ಶೆವೋರ್ಸ್ಕಿ ಮತ್ತು ಲಿಮೊಂಗಿ ಅನ್ನೋ ಇಬ್ಬರು ರಾಜ್ಯಶಾಸ್ತ್ರಜ್ಞರು ಹತ್ತಾರು ದೇಶಗಳ ಲೆಕ್ಕ ತೆಗೆದು ಬೇರೆಯದೇ ಹೇಳಿದರು: ದುಡ್ಡು ಬಂತು ಅಂತ ಸರ್ವಾಧಿಕಾರ ತಾನಾಗಿ ತೊಲಗುವುದಿಲ್ಲ, ಆದರೆ ಒಮ್ಮೆ ಬಂದ ಪ್ರಜಾಪ್ರಭುತ್ವ ಶ್ರೀಮಂತ ದೇಶದಲ್ಲಿ ಬೀಳುವುದು ಕಡಿಮೆ. ದಕ್ಷಿಣ ಕೊರಿಯಾದಲ್ಲಿ ಫ್ಯಾಕ್ಟರಿಗಳು ಬೆಳೆದವು, ಜನ ಓದಿದರು, ನಿಜ. ಆದರೂ ಅಧ್ಯಕ್ಷರನ್ನು ತಾವೇ ಆರಿಸುವ ಹಕ್ಕಿಗೆ 1987ರಲ್ಲಿ ಲಕ್ಷಾಂತರ ಜನ ಬೀದಿಗೆ ಇಳಿಯಬೇಕಾಯಿತು. ಆಫ್ರಿಕಾದ ಬೋಟ್ಸ್ವಾನಾ 1966ರಲ್ಲಿ ಸ್ವತಂತ್ರವಾದಾಗ ಕಡುಬಡ ದೇಶ, ಆದರೂ ಅವತ್ತಿಂದ ಚುನಾವಣೆ ಬಿಟ್ಟಿಲ್ಲ.

ಅಷ್ಟು ದೂರ ಯಾಕೆ, ನಮ್ಮ ನೆಲವನ್ನೇ ನೋಡಿ. 1948ರ ಸೆಪ್ಟೆಂಬರ್‌ವರೆಗೆ ಕಲಬುರಗಿ, ಬೀದರ್, ಯಾದಗಿರಿ ಎಲ್ಲ ನಿಜಾಮರ ಕೈಯಲ್ಲಿದ್ದವು. ಕೊನೆಯ ನಿಜಾಮ ಉಸ್ಮಾನ್ ಅಲಿ ಖಾನ್ ಆಗ ಜಗತ್ತಿನ ಅತಿ ಶ್ರೀಮಂತರಲ್ಲಿ ಒಬ್ಬ. ಖಜಾನೆ ತುಂಬಿತ್ತು, ನಮ್ಮ ಬಹುಪಾಲು ಹಳ್ಳಿಗಳಲ್ಲಿ ಶಾಲೆ ಇರಲಿಲ್ಲ, ಕೇಳೋಣ ಅಂದರೆ ಜನರ ಕೈಯಲ್ಲಿ ವೋಟೂ ಇರಲಿಲ್ಲ. ನಾಲ್ಕೇ ವರ್ಷದಲ್ಲಿ, 1952ರ ಹೊತ್ತಿಗೆ, ಅದೇ ಹಳ್ಳಿಗಳ ಹೆಬ್ಬೆಟ್ಟಿನ ಕೂಲಿಯವರೂ ವೋಟು ಹಾಕಿದರು. ಯಾರೂ ಅವರ ಆದಾಯ ಕೇಳಲಿಲ್ಲ.

ವೋಟು ಬಂದ ಕೂಡಲೇ ಬಡತನ ಹೋಯಿತಾ? ಇಲ್ಲ. ತಲಾ ಆದಾಯದಲ್ಲಿ ನಾವು ಇವತ್ತಿಗೂ ರಾಜ್ಯದ ತಳದಲ್ಲೇ ಇದ್ದೇವೆ. ಆದರೆ ನಮ್ಮ ಭಾಗದವರಿಗೆ ಓದಿನಲ್ಲಿ, ನೌಕರಿಯಲ್ಲಿ ಮೀಸಲು ಕೊಡುವ ಸಂವಿಧಾನದ 371ಜೆ ವಿಧಿ ಹೇಗೆ ಬಂತು? ವೈಜನಾಥ ಪಾಟೀಲರಂಥವರು ವರ್ಷಗಟ್ಟಲೆ ಬೀದಿಯಲ್ಲಿ ಕೂಗಿದರು, ಎಲ್ಲ ಪಕ್ಷದವರೂ ಕೊನೆಗೆ ದನಿಗೂಡಿಸಲೇಬೇಕಾಯಿತು, 2012ರ ಕೊನೆಗೆ ಸಂಸತ್ತು ಸಂವಿಧಾನವನ್ನೇ ತಿದ್ದಿತು. ತಡ ಆಯ್ತು, ತುಂಬಾ ತಡ. ಆದರೆ ಕೂಗಿದವರನ್ನು ಜೈಲಲ್ಲಿ ಕೊಳೆಸಿ ಸುಮ್ಮನಾಗಿಸುವ ವ್ಯವಸ್ಥೆಯಲ್ಲಿ ಇದು ಆಗುತ್ತಿತ್ತಾ?

ಪಿಯುಸಿ ರಿಸಲ್ಟ್ ಬರುವ ಹೊತ್ತಿಗೆ ಕಂದಾಯ ಕಚೇರಿ ಕಡೆ ಹೋಗಿ. ತೊಗರಿ ಬೆಳೆಯುವ ಅಪ್ಪ, ಪ್ಲಾಸ್ಟಿಕ್ ಚೀಲದಲ್ಲಿ ಮಗಳ ಮಾರ್ಕ್ಸ್‌ಕಾರ್ಡು, ವಾಸದ ದಾಖಲೆ. 371ಜೆ ಸರ್ಟಿಫಿಕೇಟಿಗೆ ಪಾಳಿ. ಅದರ ಮೇಲೆ ಆ ಹುಡುಗಿಗೆ ಎಂಜಿನಿಯರಿಂಗ್ ಸೀಟು ಸಿಗಬಹುದು. ನೌಕರಿ ಮಾತ್ರ ಇನ್ನೂ ಕಷ್ಟ, ಹುದ್ದೆಗಳು ಖಾಲಿ ಬಿದ್ದಿವೆ. ಮುಂದಿನ ಸಲ ಕೈ ಮುಗಿದು ಮನೆ ಬಾಗಿಲಿಗೆ ಬರುವವರನ್ನು, ಯಾವ ಪಕ್ಷದವರೇ ಇರಲಿ, ಮೊದಲು ಅದನ್ನೇ ಕೇಳಿ.