ಕಹಿ ಹಂಡೆಯಲ್ಲೇ ಉಳಿಯಿತು

ಸ್ವಿಟ್ಜರ್ಲೆಂಡಿನ ವಾಲ್-ದ-ತ್ರಾವೆರ್ ಕಣಿವೆಯಲ್ಲಿ ಒಂದು ಸಣ್ಣ ಭಟ್ಟಿಯಲ್ಲಿ ನನಗೆ ಕೆಲಸ. ಸೇರಿದ ಎರಡನೇ ವರ್ಷ, ವರ್ಮ್‌ವುಡ್ ಎಂಬ ಕಹಿ ಗಿಡ ಹಾಕಿ ಮಾಡುವ ಆಬ್ಸಾಂತ್ ಮದ್ಯವನ್ನು ನೂರು ಲೀಟರ್ ಕೆಡಿಸಿದ್ದೆ. ಭಟ್ಟಿ ಇಳಿಸುವಾಗ ಅಲ್ಲ, ಬಣ್ಣ ಕೊಡುವಾಗ.

ನಮ್ಮಲ್ಲಿ ವರ್ಮ್‌ವುಡ್ ಅಂದರೆ ಎರಡು ಗಿಡ. ದೊಡ್ಡದು ಆರ್ಟಿಮೀಸಿಯ ಅಬ್ಸಿಂಥಿಯಂ. ಎಲೆಯ ಎರಡೂ ಬದಿ ಬೆಳ್ಳಿಬಣ್ಣದ ರೋಮ, ನಾಲಿಗೆಗೆ ತಾಗಿದರೆ ಗಂಟೆಗಟ್ಟಲೆ ಹೋಗದ ಕಹಿ. ಚಿಕ್ಕದು ಆರ್ಟಿಮೀಸಿಯ ಪಾಂಟಿಕ. ಎಲೆ ಎಳೆಎಳೆಯಾಗಿ ಸೀಳಿರುತ್ತದೆ, ಕಹಿ ಕಡಿಮೆ, ಪರಿಮಳ ಮೃದು. ದೊಡ್ಡದನ್ನು ಅನೀಸ್ ಮತ್ತು ಸೋಂಪಿನ ಜೊತೆ ಸ್ಪಿರಿಟ್‌ನಲ್ಲಿ ನೆನೆಹಾಕಿ ತಾಮ್ರದ ಹಂಡೆಯಲ್ಲಿ ಭಟ್ಟಿ ಇಳಿಸುತ್ತೇವೆ. ಇಳಿಯುವುದು ನೀರಿನಂತೆ ತಿಳಿ. ಈ ಕಣಿವೆಯವರಿಗೆ ಅದೇ ಇಷ್ಟ. 1910ರಿಂದ 2005ರವರೆಗೆ ಆಬ್ಸಾಂತ್‌ಗೆ ಇಲ್ಲಿ ನಿಷೇಧವಿದ್ದಾಗ ಕದ್ದುಮುಚ್ಚಿ ಇಳಿಸುತ್ತಿದ್ದದ್ದೂ ಬಹುಪಾಲು ಈ ತಿಳಿ ಮದ್ಯವನ್ನೇ. ಹಸಿರು ಬೇಕೆಂದರೆ ಅದನ್ನು ಬೆಚ್ಚಗೆ ಮಾಡಿ, ಚಿಕ್ಕ ವರ್ಮ್‌ವುಡ್, ಹಿಸ್ಸಪ್, ಮೆಲಿಸ್ಸಾ ಎಲೆ ನೆನೆಸಿ, ಬಣ್ಣ ಬಿಟ್ಟ ಮೇಲೆ ಸೋಸಬೇಕು.

ಒಣಗಿಸಿ ಪುಡಿಯಾದ ಎಲೆ ಎರಡೂ ಒಂದೇ ಥರ ಕಾಣುತ್ತವೆ. ಅವತ್ತು ಚೀಟಿ ನೋಡದೆ ದೊಡ್ಡದರ ಚೀಲ ಬಿಚ್ಚಿ ತೂಗಿ ಹಾಕಿಬಿಟ್ಟೆ. ಬಣ್ಣವೇನೋ ಚೆನ್ನಾಗಿ ಬಂತು. ಒಂದು ಹನಿ ಬಾಯಿಗಿಟ್ಟ ಯಜಮಾನರು ಮಾತಾಡಲಿಲ್ಲ, ಲೋಟ ನನ್ನ ಕೈಗೆ ಕೊಟ್ಟರು.

ನನ್ನ ತಪ್ಪು ಚೀಟಿಯದ್ದಷ್ಟೇ ಅಲ್ಲ. ಅಲ್ಲಿಯವರೆಗೆ ನಾನು ಹಂಡೆಯಿಂದ ಇಳಿದದ್ದನ್ನೇ ರುಚಿ ನೋಡಿದ್ದೆ, ಅದರಲ್ಲಿ ಕಹಿ ಹೆಚ್ಚೇನೂ ಇರಲಿಲ್ಲ. ಹಾಗಾಗಿ ಗಿಡವೂ ಅಷ್ಟೇ ಅಂದುಕೊಂಡಿದ್ದೆ. ಗಿಡದ ಪರಿಮಳ, ಅದರಲ್ಲಿರುವ ಥುಜೋನ್ ಎಂಬ ರಾಸಾಯನಿಕದ ಸಹಿತ, ಆವಿಯ ಜೊತೆ ಏರಿ ಬರುತ್ತದೆ. ಲ್ಯಾಬಿನಲ್ಲಿ ಅಳೆಯುವುದು ಆ ಥುಜೋನ್ ಅನ್ನೇ. ಯುರೋಪಿನಲ್ಲಿ ಇಂಥ ಮದ್ಯಕ್ಕೆ ಮಿತಿ ಕಿಲೋಗೆ 35 ಮಿಲಿಗ್ರಾಂ. ನನ್ನ ಗಮನವೆಲ್ಲ ಆ ಅಂಕಿಯ ಮೇಲಿತ್ತು. ಆದರೆ ಕಹಿಯ ಮೂಲವಾದ ಅಬ್ಸಿಂಥಿನ್ ಆವಿಯಾಗದು, ಹಂಡೆಯ ತಳದಲ್ಲೇ ಉಳಿಯುತ್ತದೆ. ಎಲೆಯನ್ನು ನೆನೆಸಿಯಷ್ಟೇ ಮಾಡುವ ಮದ್ಯಗಳು, ಸ್ವೀಡನ್ನಿನ ಬೆಸ್ಕ್‌ನಂಥವು, ಅಷ್ಟು ಕಹಿಯಾಗಿರುವುದು ಇದಕ್ಕೇ. ಗೊತ್ತಿಲ್ಲದೆ ನಾನೂ ಅದನ್ನೇ ಮಾಡಿದ್ದೆ.

"ಹಾಗಾದರೆ ಈಗ ಏನು ಮಾಡಬೇಕು, ನೀನೇ ಹೇಳು" ಅಂದರು ಯಜಮಾನರು. ಅರ್ಧ ಗಂಟೆ ಹಿಡಿಯಿತು ಹೊಳೆಯಲು. ನೀರು ಬೆರೆಸಿ ಇನ್ನೊಮ್ಮೆ ಭಟ್ಟಿ ಇಳಿಸಿದೆವು. ಕಹಿ ಹಿಂದೆ ಉಳಿಯಿತು, ಕಷ್ಟಪಟ್ಟು ತಂದ ಹಸಿರೂ ಅದರ ಜೊತೆಗೇ ಉಳಿಯಿತು. ಪರಿಮಳ ಸ್ವಲ್ಪ ಬದಲಾಗಿತ್ತು. ಅದನ್ನು ಹಸಿರು ಅಂತ ಮಾರುವ ಯೋಚನೆ ಬಿಟ್ಟು ತಿಳಿ ಮದ್ಯದ ಲೆಕ್ಕಕ್ಕೆ ಸೇರಿಸಿದೆವು. ಎರಡು ದಿನದ ಸೌದೆ, ಎರಡು ದಿನದ ಕೂಲಿ ಹೋಯಿತು.

ನನಗೆ ನಿಜಕ್ಕೂ ನಾಚಿಕೆಯಾದದ್ದು ಬೇರೆ ಕಾರಣಕ್ಕೆ. ನಮ್ಮ ದವನವೂ ಇದೇ ಆರ್ಟಿಮೀಸಿಯ ಕುಲದ್ದು. ಅಮ್ಮ ಕನಕಾಂಬರದ ದಂಡೆಗೆ ದವನದ ಎಸಳು ಸೇರಿಸಿ ಕಟ್ಟುವಾಗ ಪಕ್ಕದಲ್ಲಿ ಕೂತು ಬೆಳೆದವನು ನಾನು. ಗಣೇಶನ ಪೂಜೆಗೆ ಮಾಚಿಪತ್ರೆ ಕಿತ್ತು ತಂದವನು. ಈ ಎಲೆಗಳನ್ನು ಬೆರಳಲ್ಲಿ ಉಜ್ಜಿ ಗುರುತು ಹಿಡಿಯುವುದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಈಗ ತೂಗುವ ಮುಂಚೆ ಪ್ರತಿ ಚೀಲದಿಂದ ಒಂದು ಚಿಟಿಕೆ ಅಂಗೈಗೆ ಹಾಕಿ ಉಜ್ಜಿ ಮೂಸುತ್ತೇನೆ, ಒಂದು ಚೂರು ನಾಲಿಗೆಗೆ ಇಡುತ್ತೇನೆ. ದೊಡ್ಡದರ ದಿನ ಮಧ್ಯಾಹ್ನದ ಊಟದವರೆಗೂ ಬಾಯಿ ಕಹಿ.